ಕೈ ನೋಯುವವರಿಗೂ ಪಿಸ್ತಾ ತಿನ್ನುವ ಆಸೆ ಇರುತ್ತದೆ

ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿ ಮೂರು ವರ್ಷ ಆಯ್ತು. ಕೀಲು ಸವೆದಿದೆ ಅಂದರು ಡಾಕ್ಟರು. ಬಾಟಲಿ ಮುಚ್ಚಳ ತಿರುಗಿಸಲು ಆಗುವುದಿಲ್ಲ, ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ ಅಂದರೆ ಮನೆಯವರು ತಕ್ಷಣ ಓಡಿ ಬರುತ್ತಾರೆ. ಆದರೆ ಪಿಸ್ತಾ ಬಿಡಿಸಲು ಆಗುತ್ತಿಲ್ಲ ಅಂದರೆ "ಅಯ್ಯೋ, ಬಿಟ್ಟುಬಿಡಿ, ಅದನ್ನೇ ತಿನ್ನಬೇಕಾ" ಅನ್ನುತ್ತಾರೆ. ಈ ಮಾತು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ. ಕೈ ನೋವಿನವರು ಒಂದೊಂದೇ ಸಣ್ಣ ಖುಷಿ ಬಿಡುತ್ತಾ ಹೋದರೆ ಕೊನೆಗೆ ಉಳಿಯುವುದೇನು ಹೇಳಿ?

ಮೊದಲು ನೋವು ಯಾಕೆ ಬರುತ್ತದೆ ಅಂತ ನೋಡೋಣ. ಪಿಸ್ತಾ ಬಿಡಿಸುವಾಗ ನಾವು ಮಾಡುವುದು ಚಿವುಟುವ ಕೆಲಸ. ಹೆಬ್ಬೆರಳು, ತೋರುಬೆರಳು ಎರಡನ್ನೂ ಒತ್ತಿ ಹಿಡಿದು, ಉಗುರನ್ನು ಸಂದಿಗೆ ತೂರಿಸಿ ಅಗಲಿಸುತ್ತೇವೆ. ಹೆಬ್ಬೆರಳಿನ ತುದಿಯಲ್ಲಿ ಒಂದು ಕಿಲೋ ಒತ್ತಡ ಹಾಕಿದರೆ ಬುಡದ ಕೀಲಿನ ಮೇಲೆ ಅದರ ಹತ್ತು ಪಟ್ಟಿಗೂ ಜಾಸ್ತಿ ಬೀಳುತ್ತದೆ. ಇದು ತಿಳಿದ ದಿನ ನನಗೆ ಎಷ್ಟೋ ಸಮಾಧಾನ ಆಯ್ತು, ಯಾಕೆಂದರೆ ಅಲ್ಲಿಯವರೆಗೆ "ಇಷ್ಟು ಸಣ್ಣ ಕಾಯಿಗೆ ಇಷ್ಟು ನೋವಾ" ಅಂತ ನನ್ನನ್ನೇ ನಾನು ಬೈದುಕೊಳ್ಳುತ್ತಿದ್ದೆ. ಕಾಯಿ ಸಣ್ಣದಾದಷ್ಟೂ ಚಿವುಟುವುದು ಬಿಗಿಯಾಗುತ್ತದೆ, ಅಷ್ಟೇ. ಒಂದು ಹಿಡಿ, ಅಂದರೆ 28 ಗ್ರಾಂ ಬೀಜಕ್ಕೆ 49ರಷ್ಟು ಪಿಸ್ತಾ ಬೇಕು. 49 ಸಲ ಚಿವುಟಿದರೆ ನೋಯದೆ ಇರುತ್ತದಾ?

ಹಾಗಾಗಿ ನಾನು ಮೊದಲು ಮಾಡುವ ಕೆಲಸ ಆರಿಸುವುದು. ಪಿಸ್ತಾವನ್ನು ಅಗಲವಾದ ತಟ್ಟೆಗೆ ಸುರಿದು ಚೆನ್ನಾಗಿ ಬಾಯಿ ಬಿಟ್ಟಿರುವುದನ್ನು ಒಂದು ಕಡೆ, ಕೂದಲೆಳೆಯಷ್ಟು ಬಿರುಕು ಇರುವುದನ್ನು ಇನ್ನೊಂದು ಕಡೆ ಸರಿಸುತ್ತೇನೆ. ಪೂರ್ತಿ ಮುಚ್ಚಿರುವುದು ನೇರ ಕಸಕ್ಕೆ. ಮನಸ್ಸಿಗೆ ಹಿಂಸೆ ಆಗುತ್ತದೆ, ಗೊತ್ತು. ಆದರೆ ಪಿಸ್ತಾ ಮರದಲ್ಲಿರುವಾಗಲೇ ಒಳಗಿನ ಬೀಜ ದಪ್ಪಗಾಗಿ ಚಿಪ್ಪನ್ನು ಒಳಗಿಂದ ತಳ್ಳುತ್ತದೆ, ಆಗ ಚಿಪ್ಪು ಬಾಯಿ ಬಿಡುತ್ತದೆ. ಬಿಡದೇ ಇದ್ದರೆ ಎಷ್ಟೋ ಸಲ ಬೀಜ ಸರಿಯಾಗಿ ತುಂಬಿರುವುದಿಲ್ಲ. ಅದಕ್ಕಾಗಿ ಸುತ್ತಿಗೆ ಹಿಡಿಯಬೇಡಿ. ಪೆಟ್ಟಿನ ಅದುರು ಸೀದಾ ಕೀಲಿಗೇ ಹೋಗುತ್ತದೆ.

ಹಲ್ಲಿನಿಂದ ಕಚ್ಚುವುದು ಬೇಡವೇ ಬೇಡ. ಚಾಕು ತುದಿಯೂ ಬೇಡ. ಒಮ್ಮೆ ಚಾಕು ಜಾರಿ ನನ್ನ ಎಡ ಅಂಗೈಗೆ ಚುಚ್ಚಿತ್ತು. ಆಮೇಲೆ ಹತ್ತು ದಿನ ಎರಡೂ ಕೈ ಇಲ್ಲದ ಹಾಗಾಯ್ತು.

ಸುಮಾರು ಜನರಿಗೆ ಗೊತ್ತಿರುವ ಉಪಾಯ ಒಂದಿದೆ. ಮೊದಲು ಬಿಡಿಸಿದ ಪಿಸ್ತಾದ ಅರ್ಧ ಚಿಪ್ಪನ್ನು ಎಸೆಯದೆ ಇಟ್ಟುಕೊಳ್ಳಿ. ಅದರ ಅಂಚನ್ನು ಮುಂದಿನ ಪಿಸ್ತಾದ ಸಂದಿಗೆ ತೂರಿಸಿ ಸ್ವಲ್ಪ ತಿರುಗಿಸಿದರೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಉಗುರು ಉಳಿಯುತ್ತದೆ, ಉಗುರಿನ ಸಂದಿಗೆ ಉಪ್ಪು ಹೋಗಿ ಉರಿಯುವುದು ತಪ್ಪುತ್ತದೆ. ಆದರೆ ಇದನ್ನು ಎಲ್ಲರಿಗೂ ಮದ್ದು ಅನ್ನುವ ಹಾಗೆ ಹೇಳುತ್ತಾರಲ್ಲ, ಅದು ಸರಿಯಲ್ಲ. ಆ ಚಿಪ್ಪನ್ನೂ ಹಿಡಿಯುವುದು ಚಿವುಟಿಯೇ. ಬಲ ಕಡಿಮೆ ಸಾಕು, ನಿಜ. ನೋವು ಕಡಿಮೆ ಇರುವ ದಿನ ಹತ್ತು ಹದಿನೈದು ಕಾಯಿಗೆ ಆಗುತ್ತದೆ, ಅದಕ್ಕಿಂತ ಜಾಸ್ತಿ ನನ್ನ ಕೈಯಲ್ಲಂತೂ ಆಗುವುದಿಲ್ಲ.

ನನಗೆ ಒಗ್ಗಿದ್ದು ಚಮಚದ ಹಿಡಿ. ತುದಿ ತೆಳುವಾಗಿ ಚಪ್ಪಟೆಯಾಗಿರುವ ಹಳೆಯ ಸ್ಟೀಲ್ ಚಮಚ ಒಂದನ್ನು ಹುಡುಕಿದೆ. ಅದರ ಬಟ್ಟಲಿನ ಕಡೆಗೆ ಹಳೆಯ ಟವೆಲ್ ತುಂಡನ್ನು ದಪ್ಪಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಈಗ ಬೆರಳ ತುದಿಯಲ್ಲಿ ಹಿಡಿಯಬೇಕಾಗಿಲ್ಲ, ಇಡೀ ಮುಷ್ಟಿಯಲ್ಲಿ ಸಡಿಲವಾಗಿ ಹಿಡಿಯಬಹುದು. ಮೇಜಿನ ಮೇಲೆ ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಪಿಸ್ತಾವನ್ನು ಅದರ ಮಡಿಕೆಯೊಳಗೆ ಬಿರುಕು ಮೇಲೆ ಬರುವ ಹಾಗೆ ಕೂರಿಸುತ್ತೇನೆ. ಒದ್ದೆ ಬಟ್ಟೆ ಅದನ್ನು ಜಾರಲು ಬಿಡುವುದಿಲ್ಲ, ಎಡ ಅಂಗೈಯ ಅಂಚಿನಿಂದ ಬಟ್ಟೆಯನ್ನು ಒತ್ತಿಕೊಂಡರೆ ಸಾಕು. ಚಮಚದ ತುದಿಯನ್ನು ಸಂದಿಗಿಟ್ಟು, ಮೊಣಕೈಯನ್ನು ಪಕ್ಕೆಗೆ ತಾಗಿಸಿಕೊಂಡು, ಮಣಿಕಟ್ಟನ್ನು ತಿರುಚದೆ ಇಡೀ ಮುಂಗೈಯನ್ನು ಒಂದು ಚೂರು ತಿರುಗಿಸುತ್ತೇನೆ. ಚಿಪ್ಪು ಎರಡಾಗಿ ಬೀಳುತ್ತದೆ. ಮೊದಲ ದಿನ ಇದು ಸರಿಹೋದಾಗ ಕಣ್ಣಲ್ಲಿ ನೀರು ಬಂತು, ನಿಜವಾಗಿ ಹೇಳುತ್ತಿದ್ದೇನೆ.

ಸಣ್ಣ ಬಿರುಕಿನವಕ್ಕೆ ಇಕ್ಕಳ ಬೇಕು. ಆದರೆ ಕೈಯಲ್ಲಿ ಹಿಡಿದು ಒತ್ತಬೇಡಿ. ಇಕ್ಕಳದ ಒಂದು ಹಿಡಿಯನ್ನು ಮೇಜಿನ ಮೇಲೆ ಮಲಗಿಸಿ, ಕಾಯಿಯನ್ನು ಇಕ್ಕಳದ ಬಾಯಿಗಿಟ್ಟು, ಮೇಲಿನ ಹಿಡಿಯನ್ನು ಅಂಗೈಯ ಬುಡದಿಂದ ಮೆಲ್ಲಗೆ ಅದುಮಿ. ಭುಜದ ಭಾರವೇ ಕೆಲಸ ಮಾಡುತ್ತದೆ. ಮೇಲೊಂದು ಬಟ್ಟೆ ಮುಚ್ಚಿದರೆ ಚಿಪ್ಪಿನ ಚೂರು ಕಣ್ಣಿಗೆ ಹಾರುವುದಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಬೆರಳು ಬಿಗಿಯಾಗಿರುವಾಗ ಇದ್ಯಾವುದೂ ಬೇಡ. ಬೆಚ್ಚಗಿನ ನೀರಲ್ಲಿ ಐದು ನಿಮಿಷ ಕೈ ಅದ್ದಿ, ಒರೆಸಿಕೊಂಡು, ಸಂಜೆ ಹೊತ್ತಿಗೆ ಕೂತರೆ ವಾಸಿ. ಗೆಣ್ಣು ಊದಿ ಬಿಸಿಯಾಗಿದ್ದರೆ ಅವತ್ತು ಪೂರ್ತಿ ರಜೆ.

ಇನ್ನು ಬಿಡಿಸಿದ ಪಿಸ್ತಾ. ಸಿಗುತ್ತದೆ, ತಗೊಳ್ಳಿ. ಅದನ್ನು ಸೋಮಾರಿಗಳ ತಿಂಡಿ ಅಂತ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಬೆಲೆ ಜಾಸ್ತಿ ಅನಿಸುತ್ತದೆ, ಆದರೆ ಚಿಪ್ಪಿನ ಪಿಸ್ತಾದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಚಿಪ್ಪಿನದೇ. ಅದನ್ನು ಕಳೆದು ಲೆಕ್ಕ ಹಾಕಿದರೆ ವ್ಯತ್ಯಾಸ ಅಷ್ಟೊಂದು ಕಾಣುವುದಿಲ್ಲ. ಒಂದೇ ಎಚ್ಚರ, ಇದರಲ್ಲಿ ಎಣ್ಣೆ ಅಂಶ ಜಾಸ್ತಿ, ಚಿಪ್ಪಿಲ್ಲದೆ ಬೇಗ ಕಮಟು ವಾಸನೆ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಡಬ್ಬಿಯ ಮುಚ್ಚಳ ಬಿಗಿ ತಿರುಪಿನದು ಬೇಡ, ಎತ್ತುವಂಥದ್ದು ಇರಲಿ. ಮುಚ್ಚಳದ ಜೊತೆ ಗುದ್ದಾಡಿ ಕೈ ನೋಯಿಸಿಕೊಂಡರೆ ಬಿಡಿಸಿದ್ದು ತಂದು ಪ್ರಯೋಜನ ಏನು?

ಮನೆಯಲ್ಲಿ ಕೈ ನೋವಿನವರು ಇದ್ದರೆ ನಿಮ್ಮಲ್ಲಿ ಒಂದು ಕೇಳಿಕೆ. ನನ್ನ ಮಗಳು ಭಾನುವಾರ ಮಾತಾಡುತ್ತಾ ಕೂತಾಗ ಒಂದು ಬಟ್ಟಲು ಪಿಸ್ತಾ ಬಿಡಿಸಿ ಡಬ್ಬಿಗೆ ಹಾಕಿಡುತ್ತಾಳೆ. "ಅಮ್ಮ, ಬಿಡಿಸಿಕೊಡಲಾ" ಅಂತ ಕೇಳುವುದಿಲ್ಲ, ಕೇಳಿದ್ದರೆ ನಾನು ಬೇಡ ಅಂತಿದ್ದೆ. ಕೆಳಗೆ ನಾಲ್ಕೈದನ್ನು ಮಾತ್ರ ಚಿಪ್ಪಿನ ಸಮೇತ ಬಿಟ್ಟಿರುತ್ತಾಳೆ, ಚೆನ್ನಾಗಿ ಬಾಯಿ ತೆರೆದಿರುವುದನ್ನೇ ಆರಿಸಿ. ಆ ಟಕ್ ಅನ್ನುವ ಸದ್ದು ನನಗೆ ಇಷ್ಟ ಅಂತ ಅವಳಿಗೆ ಗೊತ್ತು.