ಅವರನ್ನು ಅಲೆಮಾರಿಗಳು ಅನ್ನಬೇಡಿ

ಉತ್ತರ ಅಮೆರಿಕದ ಅಲ್ಗಾಂಕಿಯನ್ ಜನರ ಬಗ್ಗೆ ಓದುವಾಗ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ: ಬೇಟೆಯಾಡುತ್ತಾ ಅಲೆಯುತ್ತಿದ್ದವರು. ನನಗೆ ಅದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಸುಮ್ನೆ ಅಲೆದವರಲ್ಲ ಅವರು. ಯಾವ ತಿಂಗಳು ಎಲ್ಲಿರಬೇಕು ಅಂತ ಚೆನ್ನಾಗಿ ತಿಳಿದು ಹೊರಡುತ್ತಿದ್ದವರು.

ಅಲ್ಗಾಂಕಿಯನ್ ಅನ್ನುವುದು ಒಂದೇ ಬುಡಕಟ್ಟಲ್ಲ. ಕ್ರೀ, ಮಿಕ್‌ಮಾಕ್, ಲೆನಾಪೆ ಹೀಗೆ ಒಂದೇ ಬೇರಿನ ಭಾಷೆಗಳನ್ನಾಡುವ ಹಲವು ಜನಗಳು. ದಕ್ಷಿಣದ ಕಡೆಯವರು ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದರು. ನನ್ನ ಮನಸ್ಸು ನಿಂತಿದ್ದು ಮಾತ್ರ ಅಮೆರಿಕ-ಕೆನಡಾ ಗಡಿಯ ಸುಪೀರಿಯರ್ ಸರೋವರದ ಸುತ್ತಲಿನ, ಇದೇ ಗುಂಪಿನ ಒಜಿಬ್ವೆ ಜನರ ಮನೂಮಿನ್ ಕೊಯ್ಲಿನ ಹತ್ತಿರ.

ಮನೂಮಿನ್ ನಮ್ಮ ಭತ್ತವಲ್ಲ. ಸರೋವರದ ಅಂಚಿನ ತಗ್ಗು ನೀರಿನಲ್ಲಿ ಬೆಳೆಯುವ ಹುಲ್ಲಿನ ಕಾಳು. ಬೇಸಿಗೆ ಮುಗಿಯುತ್ತಾ ಬಂದಾಗ ಬಲಿಯುತ್ತದೆ. ದೋಣಿಗೆ ಇಬ್ಬರು. ಒಬ್ಬರು ನಿಂತು ಉದ್ದನೆಯ ಗಳದಿಂದ ದೋಣಿ ನೂಕುತ್ತಾರೆ. ಇನ್ನೊಬ್ಬರು ಕೂತು, ಒಂದು ಕೋಲಿನಿಂದ ತೆನೆಗಳನ್ನು ದೋಣಿಯ ಮೇಲೆ ಬಾಗಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ಸೀಡರ್ ಮರದ ಹಗುರ ಕೋಲುಗಳು. ಜೋರಾಗಿ ಬಡಿದರೆ ಗಿಡವೇ ಮುರಿಯುತ್ತದೆ. ಬಲಿತ ಕಾಳು ಮಾತ್ರ ಉದುರಬೇಕು. ಒಂದಷ್ಟು ನೀರಿಗೂ ಬೀಳುತ್ತದೆ, ಅದೇ ಮುಂದಿನ ಬೆಳೆಯ ಬೀಜ. ಎಳೆಯದು ಗಿಡದಲ್ಲೇ ಉಳಿಯುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಬರುತ್ತಾರೆ. ಇದನ್ನು ಬೇಸಾಯ ಅಲ್ಲ ಅನ್ನುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ದಡದಲ್ಲಿ ಒಣಗಿಸಿ, ಹುರಿದು, ನೆಲದ ಗುಳಿಗೆ ಸುರಿಯುತ್ತಾರೆ. ಮೊಕಾಸಿನ್ ಅನ್ನುವ ಮೆತ್ತನೆಯ ಚರ್ಮದ ಪಾದರಕ್ಷೆ ಹಾಕಿಕೊಂಡು, ಕುಣಿದ ಹಾಗೆ ತುಳಿದು ಸಿಪ್ಪೆ ಬಿಡಿಸುತ್ತಾರೆ. ಆಮೇಲೆ ಬರ್ಚ್ ತೊಗಟೆಯ ಮೊರದಲ್ಲಿ ಕೇರಿ ಹೊಟ್ಟು ಹಾರಿಸುತ್ತಾರೆ.

ಚಳಿಗಾಲಕ್ಕೆ ಬೇಟೆಯ ಕಾಡು. ಹಿಮ ಕರಗುವಾಗ ಸಿಹಿ ರಸ ಕೊಡುವ ಮೇಪಲ್ ಮರಗಳ ತೋಪು. ಸುಮಾರು 40 ಲೀಟರ್ ರಸ ಕಾಯಿಸಿದರೆ ಸಿಗುವುದು ಒಂದು ಲೀಟರ್ ಪಾಕ. ಅದನ್ನೂ ಇನ್ನಷ್ಟು ಕಾಯಿಸಿ ಸಕ್ಕರೆ ಮಾಡಿ ವರ್ಷಕ್ಕಿಡುತ್ತಿದ್ದರು. ಜಾಗ ಬಿಡುವಾಗ ವಿಗ್ವಾಮ್ ಮನೆಯ ತೊಗಟೆ ಹೊದಿಕೆಯನ್ನು ಸುರುಳಿ ಸುತ್ತಿ ಹೊತ್ತೊಯ್ಯುತ್ತಿದ್ದರು. ಬಾಗಿಸಿ ಕಟ್ಟಿದ ಗಳಗಳನ್ನು ಅಲ್ಲೇ ಬಿಡುತ್ತಿದ್ದರು, ಮತ್ತೆ ಬಂದಾಗ ಬೇಕಲ್ವಾ! ಅಲೆಮಾರಿ ಹೀಗೆ ಮನೆ ಬಿಟ್ಟು ಹೋಗುತ್ತಾನಾ?

ಆ ಪದದಿಂದ ಆದ ನಷ್ಟ ಚಿಕ್ಕದಲ್ಲ. ಅಲೆಯುವವರಿಗೆ ನೆಲ ಯಾಕೆ ಅಂದವರೇ ಆ ನೆಲ ಕಿತ್ತುಕೊಂಡರು. 1837ರ ಒಪ್ಪಂದದಲ್ಲಿ ಒಜಿಬ್ವೆಗಳು ದೊಡ್ಡ ಪ್ರದೇಶವನ್ನೇ ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಆದರೂ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಮನೂಮಿನ್ ಕೊಯ್ಯುವ ಹಕ್ಕನ್ನು ಬರೆಸಿಕೊಂಡರು. ಆ ಹಕ್ಕು ಇನ್ನೂ ಇದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1999ರಲ್ಲಿ. 162 ವರ್ಷದ ಮೇಲೆ!