ಕಾಯೋದು ಕೆಲಸ ಅಲ್ವಂತೆ

ಟ್ಯಾಕ್ಸಿ, ಡೆಲಿವರಿ ಆ್ಯಪ್‌ಗಳ ಲೋಕದ ಲೆಕ್ಕ ಬಹಳ ಸುಲಭ. ಗಾಡಿ ನಿಮ್ಮದು, ಪೆಟ್ರೋಲ್ ನಿಮ್ಮದು, ಫೋನು ನಿಮ್ಮದು, ಅದಕ್ಕೆ ಹಾಕಿಸುವ ಡೇಟಾ ನಿಮ್ಮದು, ಬಿದ್ದರೆ ಮುರಿಯುವ ಕಾಲೂ ನಿಮ್ಮದೇ. ಕಂಪನಿಯದು ಅಂತ ಇರುವುದು ಒಂದು ಬಟನ್. ಅದನ್ನು ಒತ್ತಿ ಲಾಗಿನ್ ಆಗಿ, ಗಾಡಿಯನ್ನು ಪಕ್ಕಕ್ಕೆ ಹಾಕಿ, ಆರ್ಡರ್ ಬರುತ್ತಾ ಅಂತ ಒಂದು ಗಂಟೆ ಫೋನ್ ನೋಡುತ್ತಾ ನಿಂತರೆ ನೀವು ಏನು ಮಾಡಿದ ಹಾಗಾಯಿತು? ಏನೂ ಇಲ್ಲ, ಅದಕ್ಕೆ ಕಾಸೂ ಇಲ್ಲ. ಆ ಒಂದು ಗಂಟೆ ನೀವು ಭೂಮಿಯ ಮೇಲೇ ಇರಲಿಲ್ಲ. ಫೋನ್ ಟಿಣ್ ಅಂದಾಗ ಹುಟ್ಟುತ್ತೀರಿ, ಡ್ರಾಪ್ ಆದ ಕೂಡಲೇ ಮತ್ತೆ ಮಾಯವಾಗುತ್ತೀರಿ.

ನನಗಂತೂ ಈ ಪದ್ಧತಿ ತುಂಬಾ ಹಿಡಿಸಿದೆ. ಬರೀ ಡ್ರೈವರ್‌ಗಳಿಗೆ ಯಾಕೆ, ಎಲ್ಲರಿಗೂ ಹಚ್ಚಿಬಿಡೋಣ. ಅಗ್ನಿಶಾಮಕ ದಳದವರಿಗೆ ಬೆಂಕಿ ಉರಿಯುವಷ್ಟು ಹೊತ್ತು ಮಾತ್ರ ಸಂಬಳ. ಗೋಲ್‌ಕೀಪರ್‌ಗೆ ಚೆಂಡು ಕೈಗೆ ತಗುಲಿದ ಸೆಕೆಂಡುಗಳ ಲೆಕ್ಕ. ತಂಡ ಚೆನ್ನಾಗಿ ಆಡಿ ಎದುರಾಳಿಗಳು ಹತ್ತಿರಕ್ಕೇ ಬರದಿದ್ದರೆ ಅವನು ಉಪವಾಸ. ರಾತ್ರಿ ಕಾವಲುಗಾರನಿಗೆ ಕಳ್ಳ ಬಂದ ದಿನವಷ್ಟೇ ಕೂಲಿ (ಆಮೇಲೆ ತಿಂಗಳ ಕೊನೆಗೆ ಅವನೇ ಕಳ್ಳನಿಗೆ ಫೋನ್ ಮಾಡಿ ಕರೆಸಿಕೊಂಡರೆ ಬೈಯಬಾರದು). ಆ್ಯಪ್ ಕಂಪನಿಯ ದೊಡ್ಡ ಸಾಹೇಬರಿಗೆ ಕಾಗದಕ್ಕೆ ಪೆನ್ನು ತಾಗಿದ ಕ್ಷಣದಿಂದ ಸಹಿ ಮುಗಿಯುವ ತನಕ. ಮೀಟಿಂಗ್ ಶುರುವಾಗಲಿ ಅಂತ ಕೂತಿದ್ದು ಲೆಕ್ಕಕ್ಕಿಲ್ಲ ಸರ್, ಅದು ನಿಮ್ಮ ಸ್ವಂತ ಸಮಯ.

ಇದು ಬರೀ ತಮಾಷೆ ಅಂದ್ಕೋಬೇಡಿ. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಊಬರ್ ಸೋತಿತು. ಡ್ರೈವರ್ ತನ್ನ ಪ್ರದೇಶದೊಳಗೆ ಲಾಗಿನ್ ಆಗಿ, ಟ್ರಿಪ್ ಬಂದರೆ ಹೋಗಲು ರೆಡಿ ಇದ್ದಷ್ಟು ಹೊತ್ತೂ ಕೆಲಸದಲ್ಲಿದ್ದ ಹಾಗೆಯೇ ಅಂತ ಕೋರ್ಟು ಹೇಳಿತು. ಮುಂದಿನ ತಿಂಗಳೇ ಕಂಪನಿ ಒಳ್ಳೆಯ ಹುಡುಗನ ಹಾಗೆ ಕನಿಷ್ಠ ವೇತನ ಘೋಷಿಸಿತು. ಯಾವಾಗಿಂದ? ಟ್ರಿಪ್ ಒಪ್ಪಿಕೊಂಡ ಮೇಲಿನಿಂದ! ಕೋರ್ಟು 'ಲಾಗಿನ್' ಅಂದಿದ್ದು ಕಂಪನಿಯ ಕಿವಿಗೆ ಬೀಳುವ ಹೊತ್ತಿಗೆ 'ಆಕ್ಸೆಪ್ಟ್' ಆಗಿಬಿಟ್ಟಿತ್ತು.

ಕ್ಯಾಲಿಫೋರ್ನಿಯಾದವರು ಇನ್ನೂ ಜಾಣರು. ಅಲ್ಲಿ ಡ್ರೈವರ್‌ಗಳನ್ನು ನೌಕರರು ಅಂತ ಒಪ್ಪಬೇಕಾಗುವ ಕಾನೂನು ಬಂದಾಗ ಕಂಪನಿಗಳು ಸೇರಿಕೊಂಡು 20 ಕೋಟಿ ಡಾಲರ್‌ಗೂ ಜಾಸ್ತಿ ಸುರಿದು ಪ್ರಚಾರ ಮಾಡಿದವು, 2020ರ ನವೆಂಬರ್‌ನಲ್ಲಿ ಜನರಿಂದಲೇ ಮತ ಹಾಕಿಸಿ ತಪ್ಪಿಸಿಕೊಂಡವು. ಬದಲಿಗೆ ಕೊಟ್ಟಿದ್ದೇನು ಗೊತ್ತಾ, ಕನಿಷ್ಠ ವೇತನದ ಶೇಕಡಾ 120! ಚಪ್ಪಾಳೆ ತಟ್ಟಬೇಡಿ, ಇರಿ. ಅದು ಟ್ರಿಪ್ ನಡೆಯುತ್ತಿರುವ ಹೊತ್ತಿಗೆ ಮಾತ್ರ. ಗಂಟೆಯಲ್ಲಿ ಅರ್ಧ ಗಂಟೆ ಕಾಯುತ್ತಾ ನಿಂತರೆ ಆ 120 ಅರ್ಧವಾಗಿ 60 ಆಯಿತು. ಕನಿಷ್ಠಕ್ಕಿಂತ ಕಮ್ಮಿ ಕೊಟ್ಟು ಕನಿಷ್ಠಕ್ಕಿಂತ ಜಾಸ್ತಿ ಕೊಟ್ಟೆವು ಅನ್ನಬಹುದು, ಲೆಕ್ಕದ ಮೇಷ್ಟ್ರೂ ತಪ್ಪು ಹಿಡಿಯುವ ಹಾಗಿಲ್ಲ.

ಈಗ ಇನ್ನೊಂದು ಕಡೆಯಿಂದ ನೋಡಿ. ಗ್ರಾಹಕ ಆ್ಯಪ್ ತೆರೆದ ಕೂಡಲೇ 'ಗಾಡಿ 3 ನಿಮಿಷದಲ್ಲಿ' ಅಂತ ಬರುತ್ತದೆ, ಅಲ್ವಾ? ಆ 3 ನಿಮಿಷ ಸಾಧ್ಯವಾಗುವುದು ಹತ್ತಿರದಲ್ಲೇ ನಾಲ್ಕೈದು ಜನ ಸುಮ್ನೆ ನಿಂತಿರುವುದರಿಂದ. ಅವರೆಲ್ಲ ಯಾವಾಗಲೂ ಟ್ರಿಪ್‌ನಲ್ಲೇ ಇದ್ದಿದ್ದರೆ 3 ನಿಮಿಷ ಹೋಗಿ 30 ಆಗುತ್ತಿತ್ತು, ಗ್ರಾಹಕ ಬಸ್ಸು ಹತ್ತುತ್ತಿದ್ದ. ಅಂದರೆ ಕಂಪನಿ ಮಾರುತ್ತಿರುವ ಮಾಲೇ ಈ ಕಾಯುವಿಕೆ, ಅದಕ್ಕೆ ಮಾತ್ರ ಅದು ಕಾಸು ಕೊಡುವುದಿಲ್ಲ. ಬಿಟ್ಟಿ ಸಿಗುವಾಗ ಕಮ್ಮಿ ಯಾಕೆ ಬಳಸಬೇಕು? ಬನ್ನಿ ಬನ್ನಿ, ಎಲ್ಲರೂ ಸೇರಿಕೊಳ್ಳಿ ಅಂತ ಜಾಹೀರಾತು ಹಾಕುತ್ತಲೇ ಇರುತ್ತಾರೆ. ಹೆಚ್ಚು ಜನ ನಿಂತಷ್ಟೂ ಮ್ಯಾಪಿನಲ್ಲಿ ಪುಟಾಣಿ ಕಾರುಗಳು ಜಾಸ್ತಿ, ನೋಡೋಕೂ ಚಂದ. ನಿಂತವರ ಪಾಲಿಗೆ ಬರುವ ಆರ್ಡರ್ ಕಮ್ಮಿಯಾದರೆ ಅದು ಅವರ ಹಣೆಬರಹ.

ಸ್ವಾತಂತ್ರ್ಯ ಇದೆಯಲ್ಲ, ಬೇಡ ಅನ್ನಿಸಿದಾಗ ಬಿಡಬಹುದಲ್ಲ ಅಂತೀರಾ? ಇಟಲಿಯಲ್ಲಿ ಮನೆಗೆ ಊಟ ತಲುಪಿಸುವ ಡೆಲಿವರೂ ಕಂಪನಿಯ ರೈಡರ್‌ಗಳಿಗೆ ಅಂಕ ಹಾಕಲು 'ಫ್ರ್ಯಾಂಕ್' ಅನ್ನುವ ಅಲ್ಗಾರಿದಂ ಇತ್ತು. ಬುಕ್ ಮಾಡಿದ ಶಿಫ್ಟನ್ನು ಕೊನೇ ಗಳಿಗೆಯಲ್ಲಿ ಬಿಟ್ಟರೆ ಅಂಕ ಇಳಿಸುತ್ತಿತ್ತು. ಜ್ವರವೋ ಮುಷ್ಕರವೋ ಅಂತ ಕೇಳುವ ಅಭ್ಯಾಸ ಅದಕ್ಕಿರಲಿಲ್ಲ. 2020ರ ಕೊನೆಯಲ್ಲಿ ಬೊಲೋನ್ಯಾದ ಕೋರ್ಟು ಇದು ತಾರತಮ್ಯ ಅಂತ ತೀರ್ಪು ಕೊಟ್ಟಿತು. ಫ್ರ್ಯಾಂಕ್‌ಗೆ ಬೇಜಾರಾಯಿತೋ ಇಲ್ಲವೋ ಗೊತ್ತಿಲ್ಲ.

ಎಲ್ಲಕ್ಕಿಂತ ಮಜಾ ಬಂದಿದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಡ್ರೈವರ್‌ಗಳ ಕನಿಷ್ಠ ಪಾವತಿಯ ಸೂತ್ರದೊಳಕ್ಕೆ ಖಾಲಿ ಇರುವ ಹೊತ್ತನ್ನೂ ಸೇರಿಸಿದರು: ಡ್ರೈವರ್‌ಗಳು ಖಾಲಿ ಕೂತಷ್ಟೂ ಕಂಪನಿ ಅವರಿಗೆ ಕೊಡಬೇಕಾದ ರೇಟು ಏರುತ್ತದೆ. ಕಾಯುವುದಕ್ಕೆ ಬೆಲೆ ಬಂತು ನೋಡಿ, ಊಬರ್ ಮತ್ತು ಅದರ ಪ್ರತಿಸ್ಪರ್ಧಿ ಕಂಪನಿ ಲಿಫ್ಟ್ ಎರಡಕ್ಕೂ ಜ್ಞಾನೋದಯವಾಯಿತು. ನಿಮಗಿಷ್ಟ ಬಂದಾಗ ಬನ್ನಿ, ನೀವೇ ನಿಮ್ಮ ಬಾಸ್ ಅನ್ನುತ್ತಿದ್ದವರೇ ಬೇಡಿಕೆ ಕಮ್ಮಿ ಇದ್ದಾಗ ಡ್ರೈವರ್‌ಗಳನ್ನು ಆ್ಯಪಿನಿಂದ ಹೊರಗೆ ಹಾಕತೊಡಗಿದರು. 2019ರಲ್ಲಿ ಒಮ್ಮೆ ಹೀಗಾಯಿತು, 2024ರಲ್ಲಿ ಮತ್ತೆ. ಆ ಬಾಸ್‌ಗಳೆಲ್ಲ ಲಾಗಿನ್ ಯಾವಾಗ ತೆರೆಯುತ್ತೋ ಅಂತ ಕಾರಿನಲ್ಲೇ ಕೂತು ಫೋನ್ ನೋಡಿದರು. ಹೀಗೆ, ಕಾಯುವ ಅವಕಾಶಕ್ಕಾಗಿ ಕಾದ ಹೊತ್ತು ಮಾತ್ರ ಸೂತ್ರದೊಳಗೆ ಬರಲಿಲ್ಲ.