ಮಲೂಟಿಯ ಗುಡಿಗಳು: ಉದುರಿದ್ದನ್ನು ಹೊಸದಾಗಿ ಮಾಡಿ ಕೂರಿಸಬೇಕೇ?

ಬೀರ್‌ಭೂಮ್ ಜಿಲ್ಲೆಯ ರಾಮ್‌ಪುರಹಾಟ್ ರೈಲು ನಿಲ್ದಾಣದಿಂದ ಪಶ್ಚಿಮಕ್ಕೆ ಸುಮಾರು 16 ಕಿಲೋಮೀಟರ್ ಹೋದರೆ, ಪಶ್ಚಿಮ ಬಂಗಾಳದ ಗಡಿ ದಾಟುತ್ತಿದ್ದಂತೆಯೇ ಮಲೂಟಿ ಸಿಗುತ್ತದೆ. ಆಡಳಿತ ಜಾರ್ಖಂಡಿನ ದುಮ್ಕಾ ಜಿಲ್ಲೆಯದು. ಆಡುವ ಮಾತು, ಮಾಡುವ ಪೂಜೆ, ಗುಡಿ ಕಟ್ಟಿದ ಕ್ರಮ ಎಲ್ಲವೂ ಬಂಗಾಳಿ. 1855ರಲ್ಲಿ ಸಂತಾಲ ಬುಡಕಟ್ಟಿನವರು ಎದ್ದ ಬಂಡಾಯದ ಬಳಿಕ ಬ್ರಿಟಿಷರು ಬೀರ್‌ಭೂಮ್ ಮತ್ತು ಭಾಗಲ್ಪುರದ ಭಾಗಗಳನ್ನು ಕತ್ತರಿಸಿ ಸಂತಾಲ ಪರಗಣ ಮಾಡಿದಾಗ ಈ ಊರು ಅತ್ತ ಸೇರಿತು. 1912ರಲ್ಲಿ ಬಿಹಾರದ ಪಾಲಾಯಿತು, 2000ದಲ್ಲಿ ಜಾರ್ಖಂಡಿನದಾಯಿತು.

ಇಲ್ಲಿ ಆಳಿದವರದು ಪುಟ್ಟ ರಾಜ್ಯ. ಬಂಗಾಳದ ಅರಸರೆಂದರೆ ನಮಗೆ ಥಟ್ಟನೆ ನೆನಪಾಗುವವರು ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದು ಕರೆದುಕೊಂಡ ಸೇನರು. ಮಲೂಟಿಯವರು ಆ ಅಳತೆಯವರಲ್ಲ. ಬಂಗಾಳದ ಗೌಡ ನಾಡಿನ ಸುಲ್ತಾನ ಅಲಾವುದ್ದೀನ್ ಹುಸೇನ್ ಶಾನ (ಆಳ್ವಿಕೆ 1494–1519) ಸಾಕಿದ ಬೇಟೆಹಕ್ಕಿ ಡೇಗೆಯೊಂದು ತಪ್ಪಿಸಿಕೊಂಡಿತಂತೆ. ಬಸಂತ ಎಂಬ ಬಡ ಬ್ರಾಹ್ಮಣ ಹುಡುಗ ಅದನ್ನು ಹಿಡಿದು ಒಪ್ಪಿಸಿದನಂತೆ. ಸುಲ್ತಾನ ಮೆಚ್ಚಿ ಭೂಮಿ ಕೊಟ್ಟನಂತೆ. ಬಾಜ್ ಎಂದರೆ ಡೇಗೆ, ಹಾಗಾಗಿ ಅವನು ಬಾಜ್ ಬಸಂತ. ಆ ಭೂಮಿಗೆ ಕಂದಾಯವಿರಲಿಲ್ಲ. ಅದಕ್ಕೇ ಇದು ನಾನ್‌ಕಾರ್ ರಾಜ್ಯ. ನಮ್ಮ ಉಂಬಳಿಯನ್ನು ನೆನೆದುಕೊಂಡರೆ ಅರ್ಥ ಹತ್ತಿರವಾಗುತ್ತದೆ. ಮನೆತನ ಮುಂದೆ ಕವಲೊಡೆದು, ‘ತರಫ್’ ಎಂದು ಕರೆಯುವ ಒಂದೊಂದು ಕವಲೂ ಪೈಪೋಟಿಗೆ ಬಿದ್ದು ಗುಡಿ ಕಟ್ಟಿತು. ಅರಮನೆಯ ಗೋಜಿಗೆ ಅವರು ಹೋಗಲಿಲ್ಲ. 108 ಗುಡಿಗಳಿದ್ದವೆನ್ನುತ್ತಾರೆ, ಇಂದು ನಿಂತಿರುವುದು 72. ಹೆಚ್ಚಿನವು ಶಿವನವು.

2015ರ ಗಣರಾಜ್ಯೋತ್ಸವದಲ್ಲಿ ಜಾರ್ಖಂಡಿನ ಸ್ತಬ್ಧಚಿತ್ರವಾಗಿ ಮಲೂಟಿ ದೆಹಲಿಯ ರಾಜಪಥದಲ್ಲಿ ಸಾಗಿತು. ಅದೇ ವರ್ಷ ದೊಡ್ಡ ದುರಸ್ತಿಯೂ ಶುರುವಾಯಿತು, ಅದರೊಂದಿಗೆ ತಕರಾರೂ ಶುರುವಾಯಿತು. ಉದುರಿಹೋದ ಸುಟ್ಟಮಣ್ಣಿನ ಫಲಕ, ಮುರಿದ ಸೂರು, ಕಳಚಿದ ಕಮಾನುಗಳನ್ನು ಹೊಸದಾಗಿ ಮಾಡಿ ಕೂರಿಸಬೇಕೇ, ಬೇಡವೇ? ಎರಡು ಉತ್ತರಗಳು ಇಲ್ಲಿವೆ.

ಪರ: ಫಲಕವೂ ಗೋಡೆಯೇ, ಹೋದದ್ದನ್ನು ತುಂಬಲೇಬೇಕು

ಮಲೂಟಿಯಲ್ಲಿ ಹೆಚ್ಚಾಗಿ ಕಾಣುವುದು ಚಾರ್‌ಚಾಲಾ. ಬಂಗಾಳದ ಹುಲ್ಲಿನ ಗುಡಿಸಲಿನ ನಾಲ್ಕು ಇಳಿಜಾರಿನ ಮಾಡನ್ನು ಇಟ್ಟಿಗೆಯಲ್ಲಿ ಕಟ್ಟಿದ ರೂಪ ಅದು. ಬಿದಿರು ಬಾಗಿದ ಹಾಗೆ ಸೂರು ನಡುವೆ ಉಬ್ಬಿ ಎರಡು ತುದಿಗಳಲ್ಲಿ ಇಳಿಯುತ್ತದೆ. ಮಾಡಿನ ನೀರು ಆ ಬಾಗನ್ನು ಹಿಡಿದು ಮೂಲೆಗಳಿಗೆ ಹರಿಯಬೇಕು, ಮುಂಗೋಡೆಯ ಮೇಲೆ ಸುರಿಯಬಾರದು. ಸೂರಿನಲ್ಲಿ ಹೊರಚಾಚಿದ ಎರಡು ಮೂರು ವರಸೆ ಇಟ್ಟಿಗೆ ಮುರಿಯಿತೆಂದರೆ ನೀರು ನೇರವಾಗಿ ಕಮಾನಿನ ಮೇಲಿನ ರಾಮ–ರಾವಣರ ಯುದ್ಧದ ಮೇಲೆ ಇಳಿಯುತ್ತದೆ. ‘ಇದ್ದಂತೆ ಇರಲಿ’ ಎಂದು ಮುರಿದ ಸೂರನ್ನು ಬಿಟ್ಟರೆ ಪ್ರತಿ ಮಳೆಗಾಲವೂ ಕೆಳಗಿನ ಒಂದಿಷ್ಟು ಫಲಕಗಳನ್ನು ತಿನ್ನುತ್ತದೆ. ಈ ಮಾತನ್ನು ಇಷ್ಟು ಬಿಡಿಸಿ ಹೇಳಬೇಕಾಗಿ ಬಂದಿರುವುದೇ ನೋವಿನ ಸಂಗತಿ.

ಫಲಕವನ್ನು ಬರೀ ಅಲಂಕಾರವೆಂದು ನೋಡುವುದರಿಂದ ಎಡವಟ್ಟು ಆರಂಭವಾಗುತ್ತದೆ. ಚೆನ್ನಾಗಿ ಬೆಂದ ಫಲಕ ಗೋಡೆಯ ಚರ್ಮ. ಅದರ ಹಿಂದಿನ ಇಟ್ಟಿಗೆ ಮೆದು, ಸಂದಿನ ಗಾರೆ ಇನ್ನೂ ಮೆದು. ಒಂದು ಫಲಕ ಬಿದ್ದ ಗೂಡಿನಲ್ಲಿ ನೀರು ನಿಲ್ಲುತ್ತದೆ, ಪಾಚಿ ಹಿಡಿಯುತ್ತದೆ, ಹಕ್ಕಿಯ ಹಿಕ್ಕೆಯಲ್ಲಿ ಬಂದ ಅರಳಿಯ ಬೀಜ ಮೊಳೆಯುತ್ತದೆ. ಕೆಲವೇ ವರ್ಷಗಳಲ್ಲಿ ಅಕ್ಕಪಕ್ಕದ ಫಲಕಗಳೂ ಸಡಿಲವಾಗುತ್ತವೆ.

ಹೊಸ ಫಲಕ ಮಾಡುವುದು ಸತ್ತುಹೋದ ವಿದ್ಯೆಯೂ ಅಲ್ಲ. ಬಾಂಕುಡಾ ಜಿಲ್ಲೆಯ ಪಾಂಚ್‌ಮುಡಾದಲ್ಲಿ ಇಂದಿಗೂ ಕುಂಬಾರರು ಸುಟ್ಟಮಣ್ಣಿನ ಕುದುರೆ ಮಾಡುತ್ತಿದ್ದಾರೆ. ಕೆಲಸದ ಕ್ರಮ ಹೀಗಿರಬೇಕು. ಮೊದಲು ಉಳಿದಿರುವ ಪಕ್ಕದ ಫಲಕದ ಅಗಲ, ಎತ್ತರ, ದಪ್ಪ, ಉಬ್ಬು ಅಳೆಯಿರಿ. ಕೆರೆಯ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸಿ. ಇದನ್ನು ತಪ್ಪಿಸಬಾರದು: ಮಣ್ಣಿನಲ್ಲಿ ಉಳಿದ ಸುಣ್ಣದ ಹರಳು ಮಡಕೆ ಸುಡುವ ಆವಿಗೆಯಲ್ಲಿ ಸುಟ್ಟು ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಕುಡಿದು ಉಬ್ಬುತ್ತದೆ. ಗೋಡೆಗೆ ಕೂರಿಸಿ ಎಷ್ಟೋ ದಿನವಾದ ಮೇಲೆ ಮುಖದ ಮೇಲಿನ ಒಂದು ಚಕ್ಕೆ ಹಾರಿ ಬೀಳುವುದು ಇದರಿಂದಲೇ.

ಒಣಗುವಾಗ ಮತ್ತು ಬೇಯುವಾಗ ಮಣ್ಣು ಕುಗ್ಗುತ್ತದೆ. ಎಷ್ಟೆಂದು ಆಯಾ ಮಣ್ಣಿನದೇ ಪಟ್ಟಿ ಸುಟ್ಟು ನೋಡಬೇಕು. ನೂರಕ್ಕೆ ಹತ್ತು ಕುಗ್ಗುವ ಮಣ್ಣಾದರೆ, 18 ಸೆಂಟಿಮೀಟರಿನ ಫಲಕಕ್ಕೆ ಹಸಿಯಲ್ಲಿ 20 ಸೆಂಟಿಮೀಟರ್ ಇಡಬೇಕು. ಲೆಕ್ಕ ತಪ್ಪಿದ ಫಲಕವನ್ನು ಅಂಚು ಉಜ್ಜಿ ಕೂರಿಸುವ ಚಾಳಿ ಬೇಡ. ಉಜ್ಜಿದಾಗ ಬೆಂದ ಗಟ್ಟಿ ಪದರ ಹೋಗಿ ಒಳಗಿನ ಮೆದು ಭಾಗ ಹೊರಬೀಳುತ್ತದೆ. ಹಸಿ ಮಣ್ಣಿನ ಹಲಗೆ ಅರೆಬಾಡಿ, ಬೆರಳೊತ್ತಿದರೆ ಗುರುತು ಮೂಡದ ಹದಕ್ಕೆ ಬಂದಾಗ ಬಿದಿರಿನ ಚೂಪಿನಿಂದ ಕೊರೆಯಬೇಕು. ಬಳಿಕ ಒದ್ದೆ ಗೋಣಿ ಮುಚ್ಚಿ ನೆರಳಲ್ಲಿ ನಿಧಾನಕ್ಕೆ ಒಣಗಿಸಬೇಕು. ಬಿಸಿಲಿಗಿಟ್ಟರೆ ನಾಲ್ಕು ಮೂಲೆಗಳೂ ಮೇಲೇಳುತ್ತವೆ. ಒಳಗೆ ತೇವ ಉಳಿದ ದಪ್ಪ ಫಲಕ ಆವಿಗೆಯಲ್ಲಿ ಸಿಡಿಯುತ್ತದೆ. 800–900 ಡಿಗ್ರಿ ಸೆಲ್ಸಿಯಸ್ ತಲುಪದ ಫಲಕ ನೋಡಲು ಕೆಂಪಗಿದ್ದರೂ ಮಳೆಗೆ ಪುಡಿಯಾಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಬೆಂದದ್ದು ಗಣಗಣ ಎನ್ನುತ್ತದೆ, ಬೇಯದ್ದು ಮೊದ್ದಾಗಿ ಸದ್ದು ಮಾಡುತ್ತದೆ.

ಕೂರಿಸುವ ಮುನ್ನ ಫಲಕ ಒಂದು ರಾತ್ರಿ ನೀರಿನಲ್ಲಿ ನೆನೆಯಬೇಕು. ಒಣ ಫಲಕ ಗಾರೆಯ ನೀರನ್ನೆಲ್ಲ ಹೀರಿಬಿಟ್ಟರೆ ಹಿಡಿತವೇ ಬರುವುದಿಲ್ಲ. ಗಾರೆ ಸುಣ್ಣದ್ದೇ ಆಗಬೇಕು: ವಾರಗಟ್ಟಲೆ ನೀರಿನಲ್ಲಿ ಅರಳಿ ಬೆಣ್ಣೆಯಂತಾದ ಸುಣ್ಣ ಒಂದು ಪಾಲು, ಅಲ್ಲಿ ಸುರ್ಕಿ ಎನ್ನುವ ಇಟ್ಟಿಗೆ ಪುಡಿ ಒಂದು ಪಾಲು, ತೊಳೆದ ಮರಳು ಒಂದು ಪಾಲು. ಕಬ್ಬಿಣದ ಮೊಳೆ ಬೇಡವೇ ಬೇಡ, ಅದು ತುಕ್ಕು ಹಿಡಿದು ಉಬ್ಬಿ ಫಲಕವನ್ನು ಸೀಳುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಕೂರಿಸಿದ ಮೇಲೆ ಎರಡು ವಾರವಾದರೂ ಒದ್ದೆ ಗೋಣಿ ಹೊದಿಸಿ ತೇವ ಕಾಯಬೇಕು.

ಹೊಸತು ಹಳತರೊಂದಿಗೆ ಬೆರೆತು ಮೋಸವಾಗುತ್ತದೆ ಎಂಬ ಅಂಜಿಕೆಗೆ ಉಪಾಯ ಸುಲಭ. ಹಸಿ ಮಣ್ಣಿನಲ್ಲೇ ಫಲಕದ ಹಿಂಬದಿಗೆ ವರ್ಷ ಕೊರೆಯಿರಿ, ಮುಂದೆ ಕೆಳ ಅಂಚಿನಲ್ಲಿ ಒಂದು ಸಣ್ಣ ಗುರುತು ಹಾಕಿ. ಇದು ಪೂಜೆ ನಡೆಯುವ ಊರು ಎಂಬುದನ್ನು ಮರೆಯಬಾರದು. ಅರಸರ ಮನೆದೇವತೆ ಮೌಲೀಕ್ಷಾ, ಬೀರ್‌ಭೂಮಿನ ತೀರ್ಥಕ್ಷೇತ್ರ ತಾರಾಪೀಠದ ದೇವಿ ತಾರೆಯ ಅಕ್ಕನೆಂದೇ ಜನ ನಂಬಿದವಳು, ಇವತ್ತಿಗೂ ಪೂಜೆಗೊಳ್ಳುತ್ತಾಳೆ. ತಾರಾಪೀಠದ ಸಾಧಕ ಬಾಮಾಖ್ಯಾಪಾ ಮೊದಲು ಸಾಧನೆಗೆ ಕುಳಿತದ್ದು ಅವಳ ಗುಡಿಯಲ್ಲೇ ಎನ್ನುತ್ತಾರೆ. ಇಂಥಲ್ಲಿ ಜೀರ್ಣೋದ್ಧಾರ ಹೊರಗಿನಿಂದ ಬಂದ ಕಲ್ಪನೆಯಲ್ಲ. ಪರಂಪರೆಯ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ 2004ರ ಸನ್ನದು ಕೂಡ ಜೀವಂತ ಪರಂಪರೆಯ ಕಟ್ಟಡಗಳಲ್ಲಿ ಕುಶಲಕರ್ಮಿಗಳ ಕೈಯಿಂದ ಮರುನಿರ್ಮಾಣ ಮಾಡಿಸುವುದನ್ನು ಒಪ್ಪುತ್ತದೆ. ಕುಂಬಾರನಿಗೆ ಕೆಲಸವೇ ಸಿಗದಿದ್ದರೆ ಮುಂದಿನ ದುರಸ್ತಿಗೆ ಕೈಗಳೇ ಇರುವುದಿಲ್ಲ.

ವಿರೋಧ: ಗೋಡೆಯೇ ದಾಖಲೆ, ಅದರ ಮೇಲೆ ಹೊಸದಾಗಿ ಬರೆಯಬೇಡಿ

ಸೂರು ಕಟ್ಟುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಪೂರ್ತಿ ಉಳಿದಿರುವ ಭಾಗವನ್ನು ನೋಡಿಕೊಂಡು ಅದೇ ಬಾಗಿನಲ್ಲಿ, ಅದೇ ದಪ್ಪದ ಇಟ್ಟಿಗೆಯಲ್ಲಿ ಸೂರನ್ನು ಮುಂದುವರಿಸಬಹುದು, ಅಲ್ಲಿ ಊಹೆಗೆ ಎಡೆಯಿಲ್ಲ. ಆಕ್ಷೇಪವಿರುವುದು ಚಿತ್ರವಿದ್ದ ಫಲಕಗಳ ವಿಷಯದಲ್ಲಿ, ನೆಲಕ್ಕುರುಳಿದ ಗುಡಿಗಳ ವಿಷಯದಲ್ಲಿ. ಪರವಾದಿಗಳು ಮಣ್ಣು ಸೋಸುವುದನ್ನು, ಹದ ನೋಡುವುದನ್ನು ಸೊಗಸಾಗಿ ವಿವರಿಸಿದ್ದಾರೆ. ಆ ಫಲಕದ ಮೇಲೆ ಏನನ್ನು ಕೊರೆಯಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ.

ಈ ಅರಸರ ಬಗ್ಗೆ ನಮ್ಮ ಕೈಯಲ್ಲಿರುವುದೇನು? ಡೇಗೆಯ ಕತೆ ಬಾಯಿಂದ ಬಾಯಿಗೆ ಬಂದದ್ದು. ಗಟ್ಟಿ ಆಧಾರವೆಂದರೆ ಗುಡಿಗಳ ಮುಂಗೋಡೆಯಲ್ಲಿ ಉಳಿದ ಶಾಸನಗಳು ಮತ್ತು ಫಲಕಗಳು. ಬಂಗಾಳದ ಗುಡಿಗಳಲ್ಲಿ ಶಕವರ್ಷವನ್ನು ಅಂಕಿಗಳಲ್ಲೂ ಬರೆಯುತ್ತಿದ್ದರು, ಪದಗಳಲ್ಲೂ ಬರೆಯುತ್ತಿದ್ದರು. ಪದಗಳಲ್ಲಿದ್ದರೆ ಒಂದೊಂದು ಪದವೂ ಒಂದು ಅಂಕಿಯ ಸಂಕೇತ, ಅಂಕಿಗಳು ಬಲದಿಂದ ಎಡಕ್ಕೆ: ನಮ್ಮ ಹಳೆಯ ಶಾಸನ, ಓಲೆಗರಿಗಳನ್ನು ಓದಿದವರಿಗೆ ‘ಅಂಕಾನಾಂ ವಾಮತೋ ಗತಿಃ’ ಹೊಸತಲ್ಲ. ಚಂದ್ರ, ವೇದ, ರಸ, ಚಂದ್ರ ಎಂದಿದ್ದರೆ 1, 4, 6, 1. ತಿರುಗಿಸಿ ಓದಿದರೆ ಶಕ 1641, ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 1719. ಈ ನಾಲ್ಕು ಪದಗಳಲ್ಲಿ ‘ರಸ’ ಎಂಬುದು ಉದುರಿದೆ ಎನ್ನಿ. ದುರಸ್ತಿ ಮಾಡುವವರು ಅಂದಾಜಿನ ಮೇಲೆ ಅಲ್ಲಿ 7ನ್ನು ಸೂಚಿಸುವ ‘ಮುನಿ’ ಎಂದು ಕೊರೆದರೆ ಗುಡಿ ನೂರು ವರ್ಷ ಈಚಿನದಾಗುತ್ತದೆ. ಯಾವ ತರಫಿನ ಯಾರು ಕಟ್ಟಿಸಿದರು, ಯಾವ ಕವಲು ಯಾವಾಗ ಬೇರೆಯಾಯಿತು ಎಂಬ ಲೆಕ್ಕವೆಲ್ಲ ಅದರೊಂದಿಗೆ ಕೆಡುತ್ತದೆ. ಹಿಂಬದಿಯಲ್ಲಿ ಕೊರೆದ ವರ್ಷ ಗಾರೆಯೊಳಗೆ ಹುದುಗಿರುತ್ತದೆ, ಗೋಡೆ ಒಡೆಯದೆ ಅದನ್ನು ಓದುವವರಿಲ್ಲ. ಮುಂದಿನ ಸಣ್ಣ ಗುರುತು ಹತ್ತು ಮಳೆಗಾಲ ಕಂಡ ಪಾಚಿಯ ಕೆಳಗೆ ಮುಚ್ಚಿಹೋಗುತ್ತದೆ.

ಚಿತ್ರಗಳ ಮಾತೂ ಅಷ್ಟೇ. ರಾಮ–ರಾವಣರ ಯುದ್ಧವನ್ನಾದರೂ ಊಹಿಸಬಹುದು ಎನ್ನುತ್ತಾರೆ. ಆದರೆ ಕಪಿಗಳ ಸಾಲು ಹೇಗಿತ್ತು, ರಥದ ಗಾಲಿ ಎಂಥದು, ಯೋಧರು ಉಟ್ಟದ್ದೇನು ಎಂಬುದು ಗುಡಿಯಿಂದ ಗುಡಿಗೆ ಬೇರೆ. ಬಂಗಾಳದ ಗುಡಿಗಳ ಅಡಿಪಟ್ಟಿಗಳಲ್ಲಿ ಬೇಟೆ, ದೋಣಿ, ಹುಕ್ಕಾ ಸೇದುವ ಜಮೀನ್ದಾರ, ಟೊಪ್ಪಿಗೆ ತೊಟ್ಟ ಯುರೋಪಿನವ ಎಲ್ಲ ಬರುತ್ತಾರೆ. ಆ ಕಾಲದ ಬಟ್ಟೆ, ಆಯುಧ, ಗಾಡಿಗಳಿಗೆ ಅವೇ ಸಾಕ್ಷಿ. ಖಾಲಿ ಗೂಡಿನಲ್ಲಿ ಇವತ್ತಿನ ಕುಂಬಾರ ತಾನು ಕಂಡ ಪಟದ ರಾಮನನ್ನು ಕೊರೆದರೆ ಅದು ಇವತ್ತಿನ ರಾಮನೇ. ಸ್ಮಾರಕಗಳ ಸಂರಕ್ಷಣೆಗೆಂದು ಮಾಡಿದ ಅಂತರರಾಷ್ಟ್ರೀಯ ಒಪ್ಪಂದವಾದ 1964ರ ವೆನಿಸ್ ಸನ್ನದಿನ 9ನೇ ವಿಧಿ ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ. ಮಲೂಟಿಯಲ್ಲಿ ಊಹೆ ಮೊದಲ ಖಾಲಿ ಗೂಡಿನಿಂದಲೇ ಶುರುವಾಗುತ್ತದೆ.

ಹಾಗೆಂದು ಗೂಡನ್ನು ಬಾಯಿ ತೆರೆದು ಬಿಡಬೇಕಿಲ್ಲ. ಚೆನ್ನಾಗಿ ಬೆಂದ ಬೋಳು ಇಟ್ಟಿಗೆಯ ಹಲಗೆಯನ್ನು ಸುಣ್ಣದ ಗಾರೆಯಲ್ಲಿ, ಹಳೆಯ ಮುಖಕ್ಕಿಂತ ಎರಡು ಮೂರು ಮಿಲಿಮೀಟರ್ ಒಳಗೆ ಕೂರಿಸಿ. ನೀರು ತಡೆಯಲು ಅಷ್ಟು ಸಾಕು, ಹೊಸತೆಂದು ಮಗುವಿಗೂ ಕಾಣುತ್ತದೆ. ಕೆಳ ಅಂಚಿನ ಮೆಟ್ಟಿಲಲ್ಲಿ ಮಾತ್ರ ನೀರು ನಿಲ್ಲದಂತೆ ಹೊರಕ್ಕೆ ಇಳಿಜಾರು ಕೊಡಬೇಕು. ಸಡಿಲವಾದ ಹಳೆಯ ಫಲಕದ ಸುತ್ತ ಸುಣ್ಣದ ಗಾರೆಯಿಂದ ಸಣ್ಣ ಅಂಚು ಕಟ್ಟಿದರೆ ಅದು ಇನ್ನೂ ಬಹುಕಾಲ ನಿಲ್ಲುತ್ತದೆ.

ಗುಡಿಗಳನ್ನು ನಿಜವಾಗಿ ಕೊಲ್ಲುತ್ತಿರುವವು ಮೂರು: ಮರ, ನೀರು, ಸಿಮೆಂಟು. ಹಣ ಮೊದಲು ಅಲ್ಲಿಗೆ ಹೋಗಲಿ.

ಅರಳಿ, ಆಲದ ಗಿಡವನ್ನು ಕಿತ್ತು ಎಳೆಯುವುದು ಎಲ್ಲರೂ ಮಾಡುವ ತಪ್ಪು, ಬೇರಿನ ಜೊತೆ ಒಂದು ಬುಟ್ಟಿ ಇಟ್ಟಿಗೆಯೂ ಬರುತ್ತದೆ. ಕಾಂಡವನ್ನು ಗೋಡೆಗೆ ಹತ್ತಿರ ಕತ್ತರಿಸಿ, ಹಾಲು ಕಟ್ಟುವ ಮೊದಲೇ ಆ ಹಸಿ ಗಾಯಕ್ಕೆ ಕಳೆನಾಶಕ ಸವರಬೇಕು. ಬೇರು ಪೂರ್ತಿ ಸಾಯುವವರೆಗೆ ತಿಂಗಳುಗಟ್ಟಲೆ ಕಾಯಬೇಕು, ಚಿಗುರಿದರೆ ಮತ್ತೆ ಸವರಬೇಕು. ಒಣಗಿದ ಬೇರನ್ನು ತುಂಡು ತುಂಡಾಗಿ ಬಿಡಿಸಿದ ಮೇಲೆ ಒಳಗೆ ಟೊಳ್ಳು ಉಳಿಯುತ್ತದೆ. ಅದಕ್ಕೆ ಗಂಜಿಯಷ್ಟು ತೆಳ್ಳನೆಯ ಸುಣ್ಣ–ಸುರ್ಕಿಯ ಗಾರೆಯನ್ನು ಕೆಳಗಿನ ತೂತಿನಿಂದ ತುಂಬುತ್ತ ಬರಬೇಕು. ಮೇಲಿನ ತೂತಿನಲ್ಲಿ ಗಾರೆ ಕಾಣಿಸಿದಾಗ ಕೆಳಗಿನದನ್ನು ಮುಚ್ಚಿ ಮೇಲಕ್ಕೆ ಹೋಗಬೇಕು. ಯಂತ್ರದ ಒತ್ತಡ ಬೇಡ, ಎತ್ತರದಲ್ಲಿಟ್ಟ ಬಕೆಟ್ಟಿನಿಂದ ಇಳಿಯುವ ಭಾರವೇ ಸಾಕು. ಒತ್ತಡ ಹೆಚ್ಚಾದರೆ ಫಲಕಗಳೇ ಹೊರಕ್ಕೆ ತಳ್ಳಲ್ಪಡುತ್ತವೆ.

ಸಿಮೆಂಟಿನ ಅನಾಹುತ ಕಣ್ಣಿಗೆ ಬೀಳುವುದು ತಡವಾಗಿ. ಸಂದಿನಲ್ಲಿ ಸಿಮೆಂಟ್ ತುಂಬಿದರೆ ಗೋಡೆಯ ತೇವಕ್ಕೆ ಅಲ್ಲಿ ದಾರಿ ಸಿಗದು, ಅದು ಫಲಕದ ಮೂಲಕವೇ ಹೊರಬರುತ್ತದೆ. ಜೊತೆಗೆ ಬಂದ ಉಪ್ಪು ಫಲಕದ ಮುಖದ ಹಿಂದೆ ಹರಳುಗಟ್ಟಿ ಅದನ್ನು ಪದರ ಪದರವಾಗಿ ಎಬ್ಬಿಸುತ್ತದೆ. ಆಗ ಫಲಕದಲ್ಲಿ ದೇವಿಯ ಮುಖ ಹೋಗಿ ಸೊಂಟದ ಕೆಳಗಿನ ಸೀರೆಯ ನೆರಿಗೆ ಮಾತ್ರ ಉಳಿದಿರುವುದನ್ನು ಕಾಣಬಹುದು. ನುಣ್ಣಗೆ ಗಿಲಾಯಿ ಮಾಡಿ ಬಣ್ಣ ಬಳಿಯುವುದೂ ಇದೇ ಕೆಲಸ ಮಾಡುತ್ತದೆ. ಪಾಚಿ ತೆಗೆಯಲು ಆಸಿಡ್, ತಂತಿ ಬ್ರಷ್ ಯಾವುದೂ ಬೇಡ. ನೂರಕ್ಕೆ ಒಂದೆರಡು ಪಾಲಿನ ಅಮೋನಿಯಾ ನೀರು, ಮೆತ್ತನೆ ನೈಲಾನ್ ಬ್ರಷ್, ಆಮೇಲೆ ಧಾರಾಳ ಶುದ್ಧ ನೀರು ಸಾಕು.

ಜೀವಂತ ಪೂಜೆಯ ವಾದಕ್ಕೆ ತೂಕವಿದೆ. ಮೌಲೀಕ್ಷೆಯ ಗುಡಿಯಲ್ಲಿ ಭಕ್ತರಿಗೆ ಬೇಕಾದ ದುರಸ್ತಿ ಭಕ್ತರೊಂದಿಗೆ ಕೂತು ಮಾಡಿ. ದೀಪ ಹಚ್ಚುವವರಿಲ್ಲದ ಶಿವನ ಗುಡಿಗಳಿಗೂ ಅದೇ ನಿಯಮ ಅನ್ವಯಿಸುವುದಿಲ್ಲ. ಕುಂಬಾರರ ಕೆಲಸದ ಚಿಂತೆಯೂ ನ್ಯಾಯವಾದದ್ದೇ. ಬೋಳು ಹಲಗೆ, ಸೂರಿನ ಬಾಗು ಇಟ್ಟಿಗೆ, ಸುರ್ಕಿ ಇವನ್ನೆಲ್ಲ ಅವರಿಂದಲೇ ಮಾಡಿಸಿ. ಪೂರ್ತಿ ಫಲಕ ಕೊರೆಸಬೇಕೆಂದರೆ ಗುಡಿಯ ಹೊರಗೆ ಒಂದು ಮಾದರಿ ಗೋಡೆ ಕಟ್ಟಿ ಅಲ್ಲಿ ಕೂರಿಸಿ.

ಬಿದ್ದುಹೋದ 36 ಗುಡಿಗಳ ದಿಬ್ಬಗಳನ್ನು ಜೆಸಿಬಿಯಿಂದ ಬಳಿದು ಅಲ್ಲಿ ಹೊಸ ಗುಡಿ ಎಬ್ಬಿಸುವ ಆಸೆಯನ್ನಂತೂ ಈಗಲೇ ಕೈಬಿಡಬೇಕು. ದಿಬ್ಬದ ಮೇಲೆ ಒಂದು ಮೀಟರಿನ ಚೌಕಗಳನ್ನು ಹಗ್ಗದಲ್ಲಿ ಗುರುತಿಸಿ, ಕೈಯಿಂದ ಪದರ ಪದರವಾಗಿ ತೆಗೆದು, ಮಣ್ಣನ್ನೆಲ್ಲ ಜರಡಿ ಹಿಡಿಯಬೇಕು. ಸಿಕ್ಕ ಪ್ರತಿ ಚೂರಿಗೂ ಚೌಕದ ಸಂಖ್ಯೆ, ಆಳ ಬರೆದು, ನೆರಳಲ್ಲಿ ಒಣಗಿಸಿ, ಊರಿನಲ್ಲೇ ಒಂದು ಕೊಠಡಿಯಲ್ಲಿ ಇಡಬೇಕು. ಅಕ್ಷರವಿರುವ ಚೂರುಗಳನ್ನು ತೊಳೆಯುವ ಮೊದಲೇ ಫೋಟೊ ತೆಗೆಯಬೇಕು. ಅರೆಬೆಂದ ಫಲಕದ ಮೇಲಿನ ಅಕ್ಷರ ನೀರು ತಾಗಿದರೆ ಮಣ್ಣಿನೊಂದಿಗೇ ಇಳಿದುಹೋಗುತ್ತದೆ.